ನೀರಿನ ಸಂಪಿನೊಳಗೆ ಆಳು ಇಳಿಸುವ ಮುನ್ನ ಅಧಿಕಾರಿ ಮಾಡಬೇಕಾದ ಕೆಲಸ

ಮೇ ಕೊನೆಯ ವಾರ ಬಂತೆಂದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಾಸ್ಟೆಲ್, ಶಾಲೆ, ಆಸ್ಪತ್ರೆ, ಪಂಚಾಯಿತಿ ಕಚೇರಿಗಳಲ್ಲಿ ಸಂಪು ತೊಳೆಸುವ ಗಡಿಬಿಡಿ ಶುರುವಾಗುತ್ತದೆ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಬೇಕು. ವಾರ್ಡನ್ನರೋ ಪಿಡಿಒ ಅವರೋ ನೀರುಗಂಟಿಗೆ ಫೋನ್ ಮಾಡುತ್ತಾರೆ. ಆತ ಇನ್ನೊಬ್ಬನನ್ನು ಜೊತೆಗೆ ಕರೆತರುತ್ತಾನೆ. ಮುಚ್ಚಳ ತೆಗೆದ ಐದೇ ನಿಮಿಷಕ್ಕೆ ಒಬ್ಬ ಒಳಗಿರುತ್ತಾನೆ, ಅಧಿಕಾರಿ ಮೀಟಿಂಗ್‌ನಲ್ಲಿರುತ್ತಾರೆ. ತೊಳೆಯುವುದು ಆ ಇಬ್ಬರಿಗೂ ಚೆನ್ನಾಗಿ ಗೊತ್ತು, ಅದನ್ನು ಹೇಳಿಕೊಡಬೇಕಿಲ್ಲ. ಮುಚ್ಚಳ ತೆಗೆಯುವುದಕ್ಕೂ ಕಾಲು ಇಳಿಬಿಡುವುದಕ್ಕೂ ನಡುವಿನ ಹೊತ್ತಿನ ಹೊಣೆ ಮಾತ್ರ ಅಧಿಕಾರಿಯದು.

ಗುಂಡಿ ಯಾವುದು?

ಶೌಚಗುಂಡಿ ಅಥವಾ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್ ಆಗಿದ್ದರೆ ಮುಂದೆ ಓದುವುದೇ ಬೇಡ, ಸಕ್ಕಿಂಗ್ ಯಂತ್ರ ತರಿಸಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ 7ನೇ ಕಲಂ ಪ್ರಕಾರ, ಇಂಥ ಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಯಾರನ್ನೂ ತೊಡಗಿಸುವಂತಿಲ್ಲ. ‘ಗುತ್ತಿಗೆದಾರ ಕರೆತಂದ ಆಳು ಸಾರ್’ ಎಂಬ ಮಾತು ಇಲ್ಲಿ ನಡೆಯದು. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಕುಡಿಯುವ ನೀರಿನ ಸಂಪು. ‘ನೀರಿನ ತೊಟ್ಟಿ ತಾನೇ, ಅದರಲ್ಲೇನು ಗ್ಯಾಸ್?’ ಎಂಬ ಧೈರ್ಯವೇ ಆಳನ್ನು ಕೊಲ್ಲುವುದು. ತಿಂಗಳುಗಟ್ಟಲೆ ಮುಚ್ಚಿಟ್ಟ ಸಂಪಿನ ತಳದಲ್ಲಿ ಕೆಸರು, ಎಲೆ, ಮರದ ಬೇರು ಕೊಳೆಯುತ್ತವೆ. ಕೊಳೆಯುವುದಕ್ಕೆ ಆಮ್ಲಜನಕ ಬೇಕು, ಒಳಗಿನ ಕಬ್ಬಿಣದ ಏಣಿ ತುಕ್ಕು ಹಿಡಿಯುವುದಕ್ಕೂ ಬೇಕು. ಹೀಗೆ ಒಳಗಿನ ಗಾಳಿಯಲ್ಲಿ ಉಸಿರಾಡಲು ಬೇಕಾದ ಆಮ್ಲಜನಕವೇ ಕಡಿಮೆಯಾಗುತ್ತದೆ. ಪಕ್ಕದ ಶೌಚಗುಂಡಿ ಸೋರುತ್ತಿದ್ದರೆ ವಿಷಾನಿಲವೂ ಸೇರುತ್ತದೆ.

ಇಳಿಯದೇ ಆಗುತ್ತದೆಯೇ?

ಹತ್ತು ಸಾವಿರ ಲೀಟರಿನ ಸಾಮಾನ್ಯ ಸಂಪಾದರೆ ಹೆಚ್ಚಿನ ಸಲ ಆಗುತ್ತದೆ. ಉದ್ದ ಕೋಲಿನ ಬ್ರಷ್, ಮೇಲಿನಿಂದ ಹಿಡಿಯುವ ಪ್ರೆಷರ್ ವಾಷರ್, ಕೆಸರು ಎತ್ತುವ ಪಂಪು ಇದ್ದರೆ ಸಾಕು. ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಗೋಡೆ ಬಿರುಕು ಬಿಟ್ಟಿದ್ದರೆ, ಪಂಪಿನ ಫುಟ್‌ವಾಲ್ವ್ ಕಟ್ಟಿದ್ದರೆ ಮಾತ್ರ ಇಳಿಸುವ ಯೋಚನೆ ಮಾಡಿ.

ಕರೆಂಟು, ನೀರು

ಮೋಟಾರಿನ ಫ್ಯೂಸ್ ಕ್ಯಾರಿಯರ್ ಕಿತ್ತು ಇಳಿಯುವವರ ಜೇಬಿಗೇ ಹಾಕಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಆಟೋ ಸ್ಟಾರ್ಟರ್ ಇರುವ ಕಡೆ ತ್ರೀ ಫೇಸ್ ಬಂದ ಕೂಡಲೇ ಮೋಟಾರು ತಾನಾಗಿ ತಿರುಗುತ್ತದೆ. ನೀರು ಬರುವ ವಾಲ್ವ್ ಮುಚ್ಚಿ, ಹಿಡಿಗೆ ತಂತಿ ಸುತ್ತಿ ಚೀಟಿ ನೇತುಹಾಕಿ. ಒಳಗೆ ಬೆಳಕಿಗೆ ಬ್ಯಾಟರಿ ಟಾರ್ಚ್ ಮಾತ್ರ. ಹೋಲ್ಡರಿಗೆ ವೈರು ಸಿಕ್ಕಿಸಿದ 230 ವೋಲ್ಟಿನ ಬಲ್ಬು ಬೇಡವೇ ಬೇಡ. ಪೆಟ್ರೋಲ್ ಪಂಪ್‌ಸೆಟ್ಟನ್ನು ಸಂಪಿನೊಳಗೆ ಇಳಿಸಬಾರದು, ಬಾಯಿಯ ಪಕ್ಕವೂ ಇಡಬಾರದು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಅಳೆಯುವುದು

ಎಲ್ಲರೂ ಎಡವುವ ಹಂತ ಇದು. ದೀಪ ಇಳಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಮೇಣದ ಬತ್ತಿ ಆರುವ ಹೊತ್ತಿಗೆ ಆಮ್ಲಜನಕ ಶೇ 16ರ ಆಸುಪಾಸಿಗೆ ಬಂದಿರುತ್ತದೆ, ಅಷ್ಟರಲ್ಲಿ ಮನುಷ್ಯನ ತಲೆ ಕೆಟ್ಟಿರುತ್ತದೆ. ವಿಷಾನಿಲವಿದ್ದರೂ ಬತ್ತಿ ಚೆನ್ನಾಗಿಯೇ ಉರಿಯುತ್ತದೆ, ಮೀಥೇನ್ ಇದ್ದರೆ ಗುಂಡಿಯೇ ಸಿಡಿಯಬಹುದು. ಮೂಗನ್ನು ನಂಬುವುದೂ ಅಷ್ಟೇ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಹತ್ತಿರ ಬಂದಾಗ ಮೂಗನ್ನೇ ಜಡ ಮಾಡುತ್ತದೆ. ‘ವಾಸನೆ ಹೋಯ್ತು’ ಎಂದ ಗಳಿಗೆಯೇ ಅತಿ ಅಪಾಯದ್ದು.

ಬೇಕಾದದ್ದು ನಾಲ್ಕು ಅನಿಲ ತೋರಿಸುವ ಮೀಟರ್: ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಗಾಳಿ ಎಳೆಯುವ ಪಂಪು, ಕೊಳವೆ ಇರುವುದನ್ನೇ ತೆಗೆದುಕೊಳ್ಳಿ. ಆಮ್ಲಜನಕ ಒಂದನ್ನೇ ತೋರಿಸುವ ಅಗ್ಗದ ಮೀಟರಿಗೆ ದುಡ್ಡು ಸುರಿಯಬೇಡಿ. ಪ್ರತಿ ಪಂಚಾಯಿತಿಗೂ ಒಂದು ಬೇಕಿಲ್ಲ, ತಾಲ್ಲೂಕಿಗೆ ಒಂದು ಒಳ್ಳೆಯ ಸೆಟ್ ಇದ್ದು, ಅದು ರಿಜಿಸ್ಟರಿನಲ್ಲಿ ಸಹಿಯೊಂದಿಗೆ ಓಡಾಡಿದರೆ ಸಾಕು. ಆದರೆ ಬೀರುವಿನಲ್ಲಿ ಮಲಗಿದ್ದ ಮೀಟರ್ ತಂದು ನೇರ ಗುಂಡಿಗೆ ಇಳಿಸಬಾರದು. ಒಳಗಿನ ಸೆನ್ಸರ್‌ಗಳು ಬಳಸದಿದ್ದರೂ ಹಳತಾಗುತ್ತವೆ. ಮಾಪನ ಸರಿಪಡಿಸಿದ ದಿನಾಂಕ ನೋಡಿ, ಪರೀಕ್ಷಾ ಅನಿಲ ಊದಿ ಅಲಾರಂ ಕೂಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಜನರೇಟರ್, ಜೀಪುಗಳಿಂದ ದೂರ, ಬಯಲಲ್ಲಿ ನಿಂತು ಆನ್ ಮಾಡಿ. ಅಲ್ಲಿ ಆಮ್ಲಜನಕ ಶೇ 20.9 ತೋರಿಸಬೇಕು, ಉಳಿದ ಮೂರೂ ಸೊನ್ನೆ.

ಮುಚ್ಚಳವನ್ನು ಪೂರ್ತಿ ತೆಗೆಯದೆ, ಸಂದಿ ಮಾಡಿ ಕೊಳವೆ ಇಳಿಸಿ. ಮೇಲೆ, ನಡುವೆ, ತಳದ ಕೆಸರಿಗಿಂತ ಒಂದು ಗೇಣು ಮೇಲೆ, ಹೀಗೆ ಮೂರು ಕಡೆ ಅಳೆಯಿರಿ. ಒಂದೊಂದು ಕಡೆ 2 ನಿಮಿಷ ಕಾಯಬೇಕು. ಕೊಳವೆಯಲ್ಲಿ ಗಾಳಿ ಹತ್ತಿ ಬರಲು, ಸೆನ್ಸರ್ ಸ್ಥಿರವಾಗಲು ಅಷ್ಟು ಹೊತ್ತು ಬೇಕು. ಇಳಿಸಿ ತಕ್ಷಣ ಎತ್ತಿದರೆ ಮೀಟರ್ ತೋರಿಸುವುದು ಅಂಗಳದ ಗಾಳಿಯನ್ನು. ಕೊಳವೆಯ ತುದಿ ನೀರಿಗೆ ಮುಳುಗಿದರೆ ಪಂಪು ಕೆಡುತ್ತದೆ, ತುದಿಗಿಂತ ಒಂದು ಗೇಣು ಕೆಳಕ್ಕೆ ಚಾಚುವಂತೆ ಕೋಲು ಕಟ್ಟಿಕೊಳ್ಳಿ.

ಅಂಕಿಗಳನ್ನು ಓದುವಾಗ ಆಮ್ಲಜನಕವನ್ನೇ ಮೊದಲು ನೋಡಿ. ಅದು ತೀರಾ ಕಡಿಮೆಯಿದ್ದರೆ ಹೆಚ್ಚಿನ ಮೀಟರುಗಳಲ್ಲಿ ಉರಿಯುವ ಅನಿಲದ ಅಂಕಿಯೂ ಸುಳ್ಳು. ಸಾಮಾನ್ಯವಾಗಿ ಒಪ್ಪುವ ಮಿತಿ ಹೀಗಿದೆ: ಆಮ್ಲಜನಕ ಶೇ 19.5ರಿಂದ 23.5, ಉರಿಯುವ ಅನಿಲ ಸ್ಫೋಟ ಮಿತಿಯ (ಸಿಡಿಯಲು ಬೇಕಾದ ಕನಿಷ್ಠ ಪ್ರಮಾಣದ) ಶೇ 10ಕ್ಕಿಂತ ಕಡಿಮೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಒಳಗೆ, ಕಾರ್ಬನ್ ಮೊನಾಕ್ಸೈಡ್ 25 ಪಿಪಿಎಂ ಒಳಗೆ. ಆದರೆ ನೀರಿನ ಸಂಪಿನ ಮಟ್ಟಿಗೆ ಈ ಮಿತಿ ತೀರಾ ಸಡಿಲ. ಹೈಡ್ರೋಜನ್ ಸಲ್ಫೈಡ್ 1 ಎಂದು ತೋರಿಸಿದರೂ ಎಲ್ಲಿಂದಲೋ ಕೊಳಚೆ ಸೇರುತ್ತಿದೆ ಎಂದೇ ತಿಳಿದು ಕೆಲಸ ನಿಲ್ಲಿಸಿ.

ಆಮ್ಲಜನಕ 20.0 ಬಂದರೆ? ‘ಪಾಸ್’ ಎಂದು ಬಿಡುವವರೇ ಹೆಚ್ಚು. ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು ಮಾತ್ರ. ಬೇರೆ ಅನಿಲ ನುಗ್ಗಿ ಅದು 20.9ರಿಂದ 20.0ಕ್ಕೆ ಇಳಿದಿದ್ದರೆ, ಆ ಬೇರೆ ಅನಿಲ ಶೇ 4ಕ್ಕೂ ಹೆಚ್ಚು ತುಂಬಿದೆ ಎಂದರ್ಥ. ಅದು ಇಂಗಾಲದ ಡೈಆಕ್ಸೈಡ್ ಆಗಿದ್ದರೆ ಶೇ 4 ಎನ್ನುವುದೇ ಜೀವಕ್ಕೆ ಅಪಾಯದ ಮಟ್ಟ, ಮತ್ತು ನಾಲ್ಕು ಅನಿಲದ ಮೀಟರ್ ಅದನ್ನು ತೋರಿಸುವುದೇ ಇಲ್ಲ. ಕಾಫಿ ಪಲ್ಪಿಂಗ್ ನೀರು ಹುಳಿಯುವ ಗುಂಡಿಗಳಲ್ಲಿ ಹೀಗಾಗುವ ಸಾಧ್ಯತೆ ಇನ್ನೂ ಹೆಚ್ಚು. ಹಾಗಾಗಿ 20.5ಕ್ಕಿಂತ ಕಡಿಮೆ ಬಂದರೆ ಇಳಿಸಬೇಡಿ, ಕಾರಣ ಹುಡುಕಿ.

ಗಾಳಿ ಕೊಡುವುದು

ಟೇಬಲ್ ಫ್ಯಾನನ್ನು ಬಾಯಿಗೆ ಹಿಡಿಯುವುದು, ಸೊಪ್ಪಿನ ಕೊಂಬೆ ಕಟ್ಟಿ ಎತ್ತಿ ಇಳಿಸುವುದು, ನಾಲ್ಕು ಕೊಡ ನೀರು ಎರಚುವುದು, ಇವೆಲ್ಲ ಸಮಾಧಾನಕ್ಕೆ ಮಾತ್ರ. ಆಸ್ಪತ್ರೆಗಳಲ್ಲಿ ಆಮ್ಲಜನಕದ ಸಿಲಿಂಡರ್ ತಂದು ಒಳಗೆ ಬಿಡುವ ಬುದ್ಧಿವಂತಿಕೆಯೂ ಉಂಟು. ಅದು ಬಟ್ಟೆ, ಕೂದಲನ್ನೆಲ್ಲ ಕಿಡಿಗೆ ಕಾದ ಬತ್ತಿಯಾಗಿಸುತ್ತದೆ.

ಬಾಡಿಗೆಗೆ ಸಿಗುವ ಬ್ಲೋವರ್ ತರಿಸಿ, ಅದರ ಡಕ್ಟ್ ತಳದಿಂದ ಅರ್ಧ ಮೀಟರ್ ಮೇಲಿರುವಂತೆ ಇಳಿಸಿ, ಶುದ್ಧ ಗಾಳಿಯನ್ನು ಒಳಕ್ಕೆ ಊದಿ. ಸಂಪಿನ ಗಾತ್ರದ ಏಳೆಂಟು ಪಟ್ಟು ಗಾಳಿಯಾದರೂ ಹೋಗಬೇಕು. 10 ಘನ ಮೀಟರಿನ ಸಂಪಿಗೆ, ಗಂಟೆಗೆ 500 ಘನ ಮೀಟರ್ ಊದುವ ಬ್ಲೋವರ್ 10 ನಿಮಿಷ ಸಾಕೆಂದು ಲೆಕ್ಕ ಹೇಳುತ್ತದೆ. ಮೂಲೆಗಳಿಗಾಗಿ 20 ನಿಮಿಷ ಓಡಿಸಿ. ಆಮೇಲೆ ನಿಲ್ಲಿಸಿ, 10 ನಿಮಿಷ ಬಿಟ್ಟು ಮತ್ತೆ ಮೂರು ಕಡೆ ಅಳೆಯಿರಿ. ಅಂಕಿ ಜಾರಿದ್ದರೆ ಅನಿಲ ಹೊಸದಾಗಿ ಹುಟ್ಟುತ್ತಿದೆ, ಆ ದಿನ ಇಳಿಯುವುದು ಬೇಡ. ಅಂಕಿ ನಿಂತಿದ್ದರೆ ಬ್ಲೋವರ್ ಮತ್ತೆ ಹಚ್ಚಿ, ಒಳಗಿದ್ದವರು ಮೇಲೆ ಬರುವತನಕ ಆರಿಸಬೇಡಿ. ಕೆಸರು ಕಲಕಿದಾಗ ಅಡಗಿದ್ದ ಅನಿಲ ಏಳುತ್ತದೆ, ಮೀಟರ್ ಇಳಿದವರ ಎದೆಯ ಮೇಲೇ ಇರಲಿ.

ಎತ್ತುವ ವ್ಯವಸ್ಥೆ

ಸೊಂಟಕ್ಕೆ ಹಗ್ಗ ಕಟ್ಟಿದರೆ ಪ್ರಜ್ಞೆ ತಪ್ಪಿದವರು ಎರಡಾಗಿ ಮಡಚಿಕೊಳ್ಳುತ್ತಾರೆ, ಎರಡಡಿ ಚೌಕದ ಬಾಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೈತುಂಬ ತೊಡುವ ಹಾರ್ನೆಸ್, ಬೆನ್ನಿನ ಮೇಲ್ಭಾಗದ ಬಳೆಗೆ ಹಗ್ಗ, ಬಾಯಿಯ ಮೇಲೆ ಮುಕ್ಕಾಲಿ, ಅದಕ್ಕೆ ಕೈಯಿಂದ ತಿರುಗಿಸುವ ರಾಟೆ ಬೇಕು. ಇಳಿಯುವ ಮುಂಚೆ ಒಮ್ಮೆ ಎತ್ತಿ ನೋಡಿ. ಮೇಲೆ ನಿಂತವರು ಏನೇ ಆದರೂ ಒಳಗೆ ಇಳಿಯಬಾರದು. ಒಬ್ಬರ ಹಿಂದೆ ಒಬ್ಬರು ಇಳಿದು ಸತ್ತ ಪ್ರಕರಣಗಳೆಲ್ಲ ಹೀಗೇ ಶುರುವಾದವು. ಬಟ್ಟೆಯ ಮಾಸ್ಕ್, ಎನ್95, ಡಬ್ಬಿ ಮಾಸ್ಕ್ ಯಾವುದೂ ಆಮ್ಲಜನಕ ಕೊಡುವುದಿಲ್ಲ. ಉಸಿರು ನಿಂತರೆ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು. 112ಕ್ಕೆ ಕರೆ ಮಾಡಲೇಬೇಕು, ಆದರೆ ಮೂಡಿಗೆರೆ, ಸಕಲೇಶಪುರದ ತಿರುವು ರಸ್ತೆಗಳಲ್ಲಿ ಅಗ್ನಿಶಾಮಕ ವಾಹನ ಅಷ್ಟರೊಳಗೆ ಬರುವುದಿಲ್ಲ.

ಸಹಿ

ಅನುಮತಿ ಪತ್ರ ಒಂದೇ ಹಾಳೆಯದು: ಇಳಿಯುವವರ ಹೆಸರು, ಮೇಲೆ ಕಾಯುವವರ ಹೆಸರು, ಮೂರು ಮಟ್ಟದ ಅಂಕಿಗಳು, ಅಳೆದ ಹೊತ್ತು, ಮುಗಿಯುವ ಹೊತ್ತು. ಚೇಂಬರಿನಲ್ಲಿ ಕೂತು ಸಹಿ ಹಾಕಬೇಡಿ. ಮೀಟರ್ ನೋಡಿ, ಸಂಪಿನ ಬಾಯಲ್ಲಿ ನಿಂತು ಹಾಕಿ. ಊಟಕ್ಕೆ ಮೇಲೆ ಬಂದರೆ ಆ ಹಾಳೆ ಮುಗಿಯಿತು, ಮತ್ತೆ ಅಳೆದು ಹೊಸ ಹಾಳೆ ಬರೆಯಿರಿ.

ತೊಳೆದಾದ ಮೇಲೆ

ಕಲೆ ಹೋಗಿಸಲು ಟಾಯ್ಲೆಟ್ ಆಸಿಡ್ ಬಳಸಿ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಆಸಿಡ್ ಬೇಡ, ಬ್ರಷ್ ಸಾಕು. ಎಲ್ಲರೂ ಮೇಲೆ ಬಂದ ನಂತರವೇ ಪೌಡರ್. 10,000 ಲೀಟರ್ ನೀರಿಗೆ ಶೇ 33 ಕ್ಲೋರಿನ್ ಇರುವ ಹೊಸ ಪೌಡರ್ ಒಂದೂವರೆ ಕೆ.ಜಿ. ಬೇಕು, ಅದು 50 ಪಿಪಿಎಂ ಆಗುತ್ತದೆ. ಮಲೆನಾಡಿನ ತೇವಕ್ಕೆ ಬಾಯಿ ತೆರೆದಿಟ್ಟ ಚೀಲದ ಸತ್ವ ಬೇಗ ಹೋಗುತ್ತದೆ, ಕಳೆದ ವರ್ಷದ ಚೀಲ ನಂಬಬೇಡಿ. ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಸುರಿದು ಒಂದು ರಾತ್ರಿ ಬಿಡಿ. ಆ ನೀರನ್ನು ಕೆರೆಗೋ ಹಳ್ಳಕ್ಕೋ ಬಿಟ್ಟರೆ ಮೀನು ಸಾಯುತ್ತವೆ. ಬಯಲಿನಲ್ಲಿ ಹರಡಿ ಇಂಗಿಸಿ. ಮತ್ತೆ ತುಂಬಿಸಿದ ಮೇಲೆ, ದಿನದ ಕ್ಲೋರಿನೇಷನ್ ಆದ ನೀರಿನಲ್ಲಿ ಕೊನೆಯ ನಲ್ಲಿಯ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಬಂದರೆ ಅಡುಗೆಮನೆಗೆ ನೀರು ಬಿಡಬಹುದು.