ಎಡಪುಟ ಪರ, ಬಲಪುಟ ವಿರೋಧ

2015ರಲ್ಲಿ ನಾನು ಮಂಗಳೂರಿನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಚರ್ಚಾ ಸ್ಪರ್ಧೆಗೆ ಎತ್ತಿನಹೊಳೆ ಯೋಜನೆಯನ್ನೇ ವಿಷಯವಾಗಿ ಕೊಟ್ಟಿದ್ದರು. ನೇತ್ರಾವತಿಗೆ ಸೇರುವ ಹೊಳೆಗಳಿಂದ 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಒಯ್ಯುವ ಈ ಯೋಜನೆಯ ವಿರುದ್ಧ ನಮ್ಮ ಕಡೆಯವರು ಬೀದಿಗಿಳಿದಿದ್ದ ಕಾಲವದು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ಪರ’.

ಟೀಚರು ತಿದ್ದಿಕೊಟ್ಟ ಎರಡು ಪುಟಗಳನ್ನು ನಾನು ಬಾಯಿಪಾಠ ಮಾಡಿಕೊಂಡು ಹೋದೆ. ಅಂದು ಜಡಿಮಳೆ. ಮೂರನೆಯ ವಾಕ್ಯಕ್ಕೆ ಕರೆಂಟು ಹೋಗಿ ಮೈಕು ನಿಂತಿತು. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿಸಲೆಂದು ಕಿರುಚತೊಡಗಿದೆ, ಗಂಟಲು ಕಟ್ಟಿತು, ಮುಂದಿನ ಸಾಲು ಮರೆತುಹೋಯಿತು. ಒಂದು ಸಾಲು ಜಾರಿದ ಮೇಲೆ ಉಳಿದವೂ ಕೈಗೆ ಸಿಗಲಿಲ್ಲ. ಎಚ್ಚರಿಕೆಯ ಗಂಟೆಗೂ ಮೊದಲೇ ಕೆಳಗಿಳಿದೆ.

ನನ್ನ ಅಜ್ಜ ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. “ನೀನು ಪಾಠ ಒಪ್ಪಿಸಿದ್ದು ಮಾರಾಯ್ತಿ, ವಾದ ಮಾಡಿದ್ದಲ್ಲ” ಎಂದರು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ್ದರಿಂದ ಊರಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತಿದ್ದವು. ಅಜ್ಜನ ಜೊತೆ ನಾಲ್ಕು ಕೂಟಗಳಿಗೆ ಹೋದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಹಾಡಿದ ಪದ್ಯದ ಎಳೆ ಹಿಡಿದು ಅರ್ಥಧಾರಿ ಕುಳಿತಲ್ಲೇ ಮಾತು ಕಟ್ಟಬೇಕು. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೇಳಿದಾಗ ಅಂದಿನ ರಾಮ ತಟ್ಟನೆ ಉತ್ತರಿಸಲಿಲ್ಲ. “ನಾನು ನಿನ್ನೆದುರು ನಿಲ್ಲಲಿಲ್ಲ, ನೀನು ನನಗೇನೂ ಕೆಡುಕು ಮಾಡಿರಲಿಲ್ಲ, ಇದಲ್ಲವೆ ನಿನ್ನ ದೂರು?” ಎಂದು ವಾಲಿಯಿಂದಲೇ ಹೌದೆನ್ನಿಸಿಕೊಂಡು, ಆಮೇಲೆ ತಮ್ಮನ ಹೆಂಡತಿ ರುಮೆಯ ಮಾತೆತ್ತಿದ. ಮುಂದಿನ ವಾರ ಇನ್ನೊಂದು ಕೂಟದಲ್ಲಿ ಅದೇ ಅರ್ಥಧಾರಿ ವಾಲಿಯಾಗಿ ಕುಳಿತು ಅಷ್ಟೇ ನಿಷ್ಠೆಯಿಂದ ರಾಮನನ್ನು ಕೆಣಕಿದರು. ಊರು ಒಪ್ಪದ ಪಕ್ಷ ಸಿಕ್ಕಿತೆಂಬ ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಒಂದು ನೋಟುಪುಸ್ತಕ ತೆರೆದು ಎಡಪುಟಕ್ಕೆ ಪರ, ಬಲಪುಟಕ್ಕೆ ವಿರೋಧ ಎಂದು ಬರೆದೆ. ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ಕುಡಿಯುವ ನೀರು, ಘಟ್ಟದ ಕಾಡು, ಬೇಸಿಗೆಯಲ್ಲಿ ಬಡವಾಗುವ ನೇತ್ರಾವತಿ ಎಂದು ಬಲಪುಟ ಒಂದೇ ಸಂಜೆಯಲ್ಲಿ ತುಂಬಿತು. ಎಡಪುಟಕ್ಕೆ ಎರಡು ವಾರ ಬೇಕಾಯಿತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಗಳಲ್ಲಿ ಜನ ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿಯುತ್ತಿದ್ದಾರೆಂದು ಓದಿದ ಮೇಲೆಯೇ ನನ್ನ ಪಕ್ಷಕ್ಕೂ ಒಂದು ಮುಖವಿದೆ ಎನಿಸಿದ್ದು. ಅದರಿಂದ ಯೋಜನೆ ಸರಿ ಎಂದು ನನಗೆ ಅನಿಸಲಿಲ್ಲ, ಆ ಮಾತು ಬೇರೆ.

ವಾಕ್ಯಗಳನ್ನು ಬರೆಯುವುದನ್ನೇ ಬಿಟ್ಟು, ಅಂಗೈಯಗಲದ ಚೀಟಿಯಲ್ಲಿ ಐದು ಪದ ಮಾತ್ರ ಇಟ್ಟುಕೊಂಡು, ಗಡಿಯಾರ ನೋಡುತ್ತ ಪ್ರತಿದಿನ ನಾಲ್ಕು ನಿಮಿಷ ಬೇರೆ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದೆ. ಮನೆಮಾತು ತುಳುವಾದ್ದರಿಂದ ಪ್ರತಿವಾದ ಮೊದಲು ತುಳುವಿನಲ್ಲಿ ಹೊಳೆದು ಕನ್ನಡಕ್ಕೆ ಬರುವಷ್ಟರಲ್ಲಿ ಸಮಯ ಮೀರುತ್ತಿತ್ತು. ಅದಕ್ಕಾಗಿ ತಿಂಗಳ ಕಾಲ ಅಜ್ಜನ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡಿದೆ. ಅಜ್ಜಿಗೆ ನಗುವೋ ನಗು.

ಮರುವರ್ಷ ಇನ್ನೊಂದು ಶಾಲೆಯಲ್ಲಿ ಅದೇ ವಿಷಯ ಬಂದಿತು, ಪರವನ್ನು ನಾನೇ ಕೇಳಿ ಪಡೆದೆ. ಅಂದೂ ಕರೆಂಟು ಹೋಯಿತು. ಕಿರುಚದೆ ವೇದಿಕೆಯ ಅಂಚಿಗೆ ಬಂದು, ವಾಕ್ಯಗಳನ್ನು ಚಿಕ್ಕದು ಮಾಡಿ, ತುಂಬೆಯ ಪ್ರಶ್ನೆಯನ್ನು ನಾನೇ ಮೊದಲು ಎತ್ತಿ ಉತ್ತರಿಸಿದೆ. ಎರಡನೆಯ ಬಹುಮಾನ ಬಂದಿತು. ಮೊದಲನೆಯದನ್ನು ಪಡೆದ ಹುಡುಗಿ ಮಳೆಗಾಲದ ಕೆಂಪು ನೀರು ಸಮುದ್ರದ ಮೀನಿಗೆ ಮೇವು ಒಯ್ಯುತ್ತದೆಂದು ವಾದಿಸಿದ್ದಳು. ನನ್ನ ಬಲಪುಟದಲ್ಲಿ ಇಲ್ಲದ ಆ ಅಂಶವನ್ನು ಬಸ್ಸಿನಲ್ಲೇ ಬರೆದುಕೊಂಡೆ.