ಹಸಿರು ಉದ್ಯಮಕ್ಕೆ ಹೊರಟವರ ಬೆನ್ನಿಗೆ ನಿಲ್ಲುವವರಿಗೆ ತರಬೇತಿ ಕೊಡುವುದು ಹೇಗೆ?

'ಏನಾದ್ರೂ ಸ್ವಂತದ್ದು ಮಾಡಬೇಕು' ಎಂದುಕೊಂಡ ಹುಡುಗ ಹುಡುಗಿಯರು ಮೊದಲು ಬರುವುದು ಯುವಕ ಮಂಡಲದ ಅಧ್ಯಕ್ಷರ ಹತ್ತಿರ, ಎನ್‌ಎಸ್‌ಎಸ್ ಅಧಿಕಾರಿಗಳ ಹತ್ತಿರ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರ ಹತ್ತಿರ. ಹೀಗೆ ಬೆನ್ನಿಗೆ ನಿಲ್ಲುವ ಇವರಲ್ಲಿ ಹುರುಪಿಗೇನೂ ಕಡಿಮೆಯಿಲ್ಲ. ಕಡಿಮೆ ಇರುವುದು ಲೆಕ್ಕದ ಅಭ್ಯಾಸ. ಕರಾವಳಿ, ಮಲೆನಾಡಿನವರಿಗೆ ಗೊತ್ತಿರುವ ಅಡಿಕೆ ಹಾಳೆ ತಟ್ಟೆಯನ್ನೇ (ಅಡಿಕೆ ಮರದಿಂದ ಕಳಚಿ ಬೀಳುವ ಸೋಗೆಯ ಬುಡದ ಹಾಳೆಯನ್ನು ಒತ್ತಿ ಮಾಡುವ ತಟ್ಟೆ) ಇಟ್ಟುಕೊಂಡು ಇವರಿಗೆ ತರಬೇತಿ ಕೊಡುವ ಬಗೆ ಹೇಳುತ್ತೇನೆ.

ಮೊದಲ ದಿನ ಭಾಷಣ ಬೇಡ. ಹದಿನೈದು ಇಪ್ಪತ್ತು ಜನರನ್ನು ತೋಟಕ್ಕೆ, ಅಲ್ಲಿಂದ ತಟ್ಟೆ ಮಾಡುವ ಘಟಕಕ್ಕೆ ಕರೆದುಕೊಂಡು ಹೋಗಿ. ಹಾಳೆ ಹೆಕ್ಕಲಿ, ನೀರಲ್ಲಿ ನೆನೆಸಲಿ, ಉಜ್ಜಿ ತೊಳೆಯಲಿ, ಬಿಸಿ ಅಚ್ಚಿಗೆ ಇಟ್ಟು ತಾವೇ ಒತ್ತಲಿ. ಸರಿಯಾಗಿ ನೆನೆಯದ ಹಾಳೆ ಒತ್ತುವಾಗ ಸೀಳುತ್ತದೆ. ಪಸೆ ಉಳಿದ ತಟ್ಟೆಗೆ ನಾಲ್ಕು ದಿನದಲ್ಲಿ ಬೂಷ್ಟು ಬರುತ್ತದೆ. ಇದು ಕೈಗೇ ಗೊತ್ತಾಗಬೇಕು.

ಆಮೇಲೆ ಲೆಕ್ಕ. ಇದಕ್ಕೆ ಒಂದು ಇಡೀ ದಿನ ಕೊಡಿ, ಸಾಧ್ಯವಾದರೆ ಎರಡು ದಿನ. ಹಾಳೆಯ ಬೆಲೆ, ಸಾಗಾಟ, ಕರೆಂಟು, ಕೂಲಿ, ಪ್ಯಾಕಿಂಗ್, ಸಾಲದ ಕಂತು ಎಲ್ಲ ಬರೆಸಿ. ನಾನು ನಡೆಸಿದ ಒಂದು ಶಿಬಿರದಲ್ಲಿ ಎಲ್ಲರ ಲೆಕ್ಕದಲ್ಲೂ ಒಳ್ಳೆ ಲಾಭ ಬಂದಿತ್ತು. ಒಬ್ಬ ಹುಡುಗಿ ಮಾತ್ರ ಎದ್ದುಹೋಗಿ, ಮೂಲೆಯಲ್ಲಿ ಬಿದ್ದಿದ್ದ ಸೀಳು ತಟ್ಟೆಗಳನ್ನು ಎಣಿಸಿಕೊಂಡು ಬಂದಳು. ನೂರಕ್ಕೆ ಹದಿನಾಲ್ಕು. "ಸರ್, ಇದರ ದುಡ್ಡು ಯಾರು ಕೊಡ್ತಾರೆ?" ಎಂದಳು. ಎಲ್ಲರೂ ಮತ್ತೆ ಪೆನ್ನು ತೆಗೆದರು. ಇನ್ನೊಂದು ಮಾತು. ಅಮ್ಮ ತೊಳೆದುಕೊಡ್ತಾರೆ ಅಂತ ಅಮ್ಮನ ಕೂಲಿ ಬರೆಯದೇ ಬಿಡುವವರೇ ಜಾಸ್ತಿ. ಅದನ್ನು ಬರೆಸಲೇಬೇಕು.

ಮಳೆಗಾಲವೂ ಲೆಕ್ಕಕ್ಕೆ ಬರಬೇಕು. ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ, ಹಾಗಾಗಿ ಮಳೆಗಾಲದ ಕೆಲಸಕ್ಕೆ ಆಗಲೇ ಕೊಂಡಿಡಬೇಕು. ಅಷ್ಟೂ ತಿಂಗಳು ದುಡ್ಡು ಅಟ್ಟದ ಮೇಲೆ ಕೂತಿರುತ್ತದೆ.

ಮೂರನೆಯದು ಮಾರುಕಟ್ಟೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂತು. ಹಾಳೆ ತಟ್ಟೆಗೆ ಅದು ಅವಕಾಶ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆ ತಟ್ಟೆಯಿಂದ ಹಾನಿಕರ ಅಂಶ ಆಹಾರಕ್ಕೆ ಸೇರಬಹುದು ಎಂದು ಹೇಳಿತು. ರಫ್ತು ನಂಬಿದ್ದವರಿಗೆ ಪೆಟ್ಟು ಬಿತ್ತು. ಈ ಎರಡನ್ನೂ ಮುಚ್ಚಿಡದೆ ಹೇಳಿ. ನಂತರ ಒಬ್ಬೊಬ್ಬರನ್ನೂ ಐದು ಕಡೆ ಕಳಿಸಿ: ಅಡುಗೆ ಭಟ್ಟರು, ಕಲ್ಯಾಣ ಮಂಟಪ, ದೇವಸ್ಥಾನ, ಅಂಗಡಿ, ಕ್ಯಾಂಟೀನು. ಎಷ್ಟಕ್ಕೆ ಕೊಳ್ತೀರಿ, ದುಡ್ಡು ಯಾವಾಗ ಕೊಡ್ತೀರಿ ಎಂದು ಕೇಳಿಕೊಂಡು ಬರಲಿ.

ಹಸಿರು ಎಂಬ ಮಾತನ್ನೂ ಪರೀಕ್ಷಿಸಿ. ತಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾರಿದರೆ ಏನು ಉಳಿಯಿತು? ಹಾಳೆಯನ್ನು ದನಕ್ಕೆ ಹಾಕುವ ಮನೆಗಳೂ ಇವೆ ಅಲ್ವಾ, ಅವರ ಮೇವಿಗೆ ಕೈ ಹಾಕಬಾರದು.

ಸಾಲದ ಅರ್ಜಿಯನ್ನು ತರಬೇತಿಯಲ್ಲೇ ತುಂಬಿಸಿ ನೋಡಿ. ಸ್ವಂತ ಉದ್ಯಮಕ್ಕೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ ಶೇ 35 ಸಹಾಯಧನವಿದೆ. ಅದು ಕೈಗೆ ಸಿಗುವ ನಗದಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದು ತಿಳಿಯದೆ ಕಂಗಾಲಾದವರನ್ನು ಕಂಡಿದ್ದೇನೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ 'ಉದ್ಯಮ್' ನೋಂದಣಿ ಪೂರ್ತಿ ಉಚಿತ. ಯಾರಿಗೂ ಸುಮ್ನೆ ದುಡ್ಡು ಕೊಡಬೇಡಿ.

ಕೊನೆಯ ಹಂತಕ್ಕೆ ದಕ್ಷಿಣ ಕನ್ನಡದ ಉಜಿರೆಯ ಕಡೆ ನೋಡಿ. 1982ರಲ್ಲಿ ಅಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗಕ್ಕೆ ಉಚಿತ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಕಲಿತವರ ಬೆನ್ನಿಗೆ ಎರಡು ವರ್ಷ ನಿಲ್ಲುತ್ತದೆ. ನಿಮ್ಮ ಶಿಬಿರಾರ್ಥಿಗಳಿಗೂ ತಲಾ ಮೂವರು ಯುವಕರ ಹೊಣೆ ಕೊಡಿ, ಒಂದು ನೋಟ್‌ಬುಕ್ ಕೊಡಿ. ತಿಂಗಳಿಗೊಮ್ಮೆ ಹೋಗಿ ಮಾರಿದ್ದು, ಉಳಿದದ್ದು, ಬರಬೇಕಾದ ಬಾಕಿ ಬರೆದುಕೊಂಡು ಬರಲಿ. ಮೇ ಕೊನೆಯಲ್ಲಿ ಹೋದಾಗ ಮಾತ್ರ ಅಟ್ಟ ಹತ್ತಿ, ಹಾಳೆಯ ಕಟ್ಟಿನೊಳಗೆ ಕೈಯಿಟ್ಟು ಪಸೆ ಇದೆಯೇ ಎಂದು ಮುಟ್ಟಿ ನೋಡಲಿ.