ಮಡಗಾಸ್ಕರ್ ಮಳೆಕಾಡಿನಲ್ಲಿ ಮಲಗಿದ ಗೋಸುಂಬೆಯನ್ನು ಗುರುತಿಸುವ ಬಗೆ

ಜಗತ್ತಿನ ಗೋಸುಂಬೆ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಡಗಾಸ್ಕರ್ ದ್ವೀಪದಲ್ಲೇ ಇವೆ. ಆದರೂ ಅಲ್ಲಿನ ಅಂದಾಸಿಬೆ ಅಥವಾ ರನೊಮಫಾನ ಮಳೆಕಾಡುಗಳ ದಟ್ಟ ಹಸಿರಿನಲ್ಲಿ ಹಗಲಿಡೀ ಅಲೆದವರಿಗೆ ಒಂದೂ ಕಾಣದೆ ಹೋಗುವುದುಂಟು. ಅವನ್ನು ಹುಡುಕಲು ತಕ್ಕ ಹೊತ್ತು ರಾತ್ರಿ. ಕತ್ತಲಾದ ಮೇಲೆ ಗೋಸುಂಬೆಗಳು ಬಣ್ಣ ಮಾಸಿ, ಬಿಳಿಚಿಕೊಂಡು ಮಲಗುತ್ತವೆ. ಆ ಪೇಲವ ಮೈ ಟಾರ್ಚ್ ಬೆಳಕಿಗೆ ಎಲೆಗಳ ನಡುವೆ ಎದ್ದು ಕಾಣುತ್ತದೆ.

ಅಲ್ಲಿನ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಇವು ಕಾಣುವುದು ಕಡಿಮೆ. ಮಳೆ ಆರಂಭವಾಗುವ ನವೆಂಬರ್ ಆಸುಪಾಸು ಒಳ್ಳೆಯ ಸಮಯ. ರಾಷ್ಟ್ರೀಯ ಉದ್ಯಾನಗಳ ಒಳಗೆ ರಾತ್ರಿ ನಡೆಯಲು ಅನುಮತಿಯಿಲ್ಲದ ಕಾರಣ, ಸ್ಥಳೀಯ ಮಾರ್ಗದರ್ಶಿಯೊಂದಿಗೆ ಕಾಡಂಚಿನ ರಸ್ತೆಯಲ್ಲಿ ಅಥವಾ ಗ್ರಾಮಸ್ಥರೇ ನಿರ್ವಹಿಸುವ ಕಾಡಿನಲ್ಲಿ ಹೋಗಬೇಕು.

ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು, ಕೊಂಬೆಗಳ ಬುಡವನ್ನಲ್ಲ, ತುದಿಗಳನ್ನು ನಿಧಾನವಾಗಿ ನೋಡುತ್ತಾ ಸಾಗಿ. ಕೊಂಬೆಯ ಮೇಲೆ ಹಾವೊಂದು ತೆವಳಿ ಬಂದರೆ ಸಣ್ಣ ರೆಂಬೆ ಅಲುಗುತ್ತದೆ, ತುದಿಯಲ್ಲಿ ಮಲಗಿದ ಗೋಸುಂಬೆ ಎಚ್ಚೆತ್ತು ಕೆಳಗೆ ಬಿದ್ದು ಪಾರಾಗಬಲ್ಲದು. ಆದ್ದರಿಂದಲೇ ಹತ್ತಿರ ನೋಡುವ ಆಸೆಗೆ ಕೊಂಬೆಯನ್ನು ಎಳೆಯಬಾರದು: ನಿಮ್ಮ ಕೈಯೂ ಅದಕ್ಕೆ ಹಾವೇ. ಸುಮಾರು 70 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲ ಪಾರ್ಸನ್ಸ್ ಗೋಸುಂಬೆಗಾಗಿ ತಲೆಯೆತ್ತಿ ನೋಡಬೇಕು. ಬ್ರೂಕೇಸಿಯಾ ಕುಲದ ಪುಟ್ಟ ಗೋಸುಂಬೆಗಳಿಗಾಗಿ ಮಾತ್ರ ಕುಳಿತುಕೊಳ್ಳಬೇಕು. ಹಗಲಿನಲ್ಲಿ ತರಗೆಲೆಗಳ ನಡುವೆ ಓಡಾಡುವ ಇವು ರಾತ್ರಿ ಮೊಣಕಾಲಿಗಿಂತ ತಗ್ಗಿನ ಗಿಡಗಳನ್ನೇರಿ ಮಲಗುತ್ತವೆ. ದ್ವೀಪದ ಉತ್ತರದ ಬೆಟ್ಟಗಾಡಿನಿಂದ 2021ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ ಬ್ರೂಕೇಸಿಯಾ ನಾನಾದ ಗಂಡು ಬಾಲವೂ ಸೇರಿ 22 ಮಿಲಿಮೀಟರ್‌ನಷ್ಟೇ ಇತ್ತು ಎಂಬುದನ್ನು ನೆನೆದರೆ, ಈ ಹುಡುಕಾಟಕ್ಕೆ ಎಷ್ಟು ತಾಳ್ಮೆ ಬೇಕೆಂದು ತಿಳಿಯುತ್ತದೆ.

ಇದೇ ಕಾಡುಗಳಲ್ಲಿರುವ ಎಲೆಬಾಲದ ಹಲ್ಲಿಗಳ, ಅಂದರೆ ಯೂರೊಪ್ಲಾಟಸ್‌ಗಳ, ದಿನಚರಿ ಗೋಸುಂಬೆಗಳದ್ದಕ್ಕೆ ತಿರುಗುಮುರುಗು. ಅವು ರಾತ್ರಿ ಬೇಟೆಯಾಡಿ ಹಗಲು ಅಡಗುತ್ತವೆ. ಕೆಲವು ಪ್ರಭೇದಗಳು ಕಾಂಡಕ್ಕೆ ತಲೆಕೆಳಗಾಗಿ ಒತ್ತಿಕೊಂಡಾಗ, ಮೈಯಂಚಿನ ಚರ್ಮದ ಜಾಲರಿ ನೆರಳನ್ನೇ ಅಳಿಸಿಬಿಡುತ್ತದೆ. ಅಂಥ ಮರವನ್ನು ಎದುರಿನಿಂದ ದಿಟ್ಟಿಸುವುದಕ್ಕಿಂತ ಪಕ್ಕಕ್ಕೆ ಸರಿದು, ತೊಗಟೆಯ ಅಂಚಿನಲ್ಲಿ ಉಬ್ಬು ಇದೆಯೇ ಎಂದು ನೋಡುವುದು ಮೇಲು.

ಚಿತ್ರಕ್ಕಾಗಿ ಪ್ರಾಣಿಯನ್ನು ಬೇರೆ ಕೊಂಬೆಗೆ ಎತ್ತಿಡುವಂತೆ ಮಾರ್ಗದರ್ಶಿಯನ್ನು ಎಂದೂ ಕೇಳಬೇಡಿ. ಅವರಾಗಿಯೇ ಮುಂದಾದರೂ ಬೇಡವೆನ್ನಿ. ಬೆಳಕನ್ನು ಕೆಲವೇ ಕ್ಷಣ ಹಾಯಿಸಿ, ಫ್ಲ್ಯಾಶ್ ಬಳಸಬೇಡಿ. ಗೋಸುಂಬೆ ಕಣ್ಣು ತೆರೆದರೆ, ಅಥವಾ ಅದರ ಮೈಬಣ್ಣ ಗಾಢವಾಗತೊಡಗಿದರೆ, ಟಾರ್ಚ್ ತಿರುಗಿಸಿ ಮುಂದೆ ನಡೆಯಿರಿ.